ನಿರ್ಗಮಿಸುವ ಶಾಸಕರ ಶಾಸನ ರಚನೆ

ಚುನಾವಣೆಯಲ್ಲಿ ಸೋತ ಶಾಸಕರು ಅಥವಾ ಸೋತ ಪಕ್ಷದ ಸರ್ಕಾರ, ಗೆದ್ದವರು ಅಧಿಕಾರ ವಹಿಸಿಕೊಳ್ಳುವ ಮೊದಲು ಮಾಡುವ ಕಾನೂನು, ಹೊರಡಿಸುವ ಆದೇಶ, ನಡೆಸುವ ನೇಮಕಾತಿಗಳು ಪ್ರಜಾಪ್ರಭುತ್ವದ ಹಳೆಯ ತಕರಾರುಗಳಲ್ಲಿ ಒಂದು. ಈ ಅವಧಿಯಲ್ಲಿ ಶಾಸಕರ ಅಧಿಕಾರ ಕಾನೂನಿನ ಪ್ರಕಾರ ಉಳಿದಿರುತ್ತದೆ, ಜನರ ಸಮ್ಮತಿ ಮಾತ್ರ ಕಳೆದುಹೋಗಿರುತ್ತದೆ. ಐದು ವರ್ಷಕ್ಕೆಂದು ಆರಿಸಿ ಬಂದವರು ಕೊನೆಯ ದಿನದವರೆಗೂ ಕೆಲಸ ಮಾಡಬೇಕು ಎಂಬುದು ಒಂದು ವಾದ. ಮತದಾರ ಬೇಡವೆಂದ ಮೇಲೆ ಆತನ ಹೆಸರಿನಲ್ಲಿ ಹೊಸ ಕಟ್ಟುಪಾಡು ಹೇರಬಾರದು ಎಂಬುದು ಇನ್ನೊಂದು. ಸಂಬಳ ಪಾವತಿ, ನೆರೆ ಪರಿಹಾರ, ಲೇಖಾನುದಾನದಂತಹ ಕೆಲಸಗಳ ಬಗ್ಗೆ ಯಾರೂ ಆಕ್ಷೇಪಿಸುವುದಿಲ್ಲ. ಗೆದ್ದವರ ಕೈ ಕಟ್ಟಿಹಾಕಲು, ತಮ್ಮವರನ್ನು ದೀರ್ಘಾವಧಿ ಹುದ್ದೆಗಳಲ್ಲಿ ಕೂರಿಸಲು, ಹೊಸ ಸದನದಲ್ಲಿ ಸಿಗದ ಬಹುಮತವನ್ನು ಹಳೆಯ ಸದನದಲ್ಲಿ ಬಳಸಿಕೊಳ್ಳಲು ಹೊರಟಾಗ ವಿವಾದ ಏಳುತ್ತದೆ.

ಅಮೆರಿಕದಲ್ಲಿ ಈ ವಿವಾದ ಗಣರಾಜ್ಯದಷ್ಟೇ ಹಳೆಯದು. 1800ರ ಚುನಾವಣೆಯಲ್ಲಿ ಸೋತ ಅಧ್ಯಕ್ಷ ಜಾನ್ ಆಡಮ್ಸ್ ಮತ್ತು ಅವರ ಪಕ್ಷದ ಕಾಂಗ್ರೆಸ್ಸು 1801ರ ಫೆಬ್ರವರಿಯಲ್ಲಿ ನ್ಯಾಯಾಂಗ ಕಾಯ್ದೆ ಮಾಡಿ ಹೊಸ ನ್ಯಾಯಾಧೀಶ ಹುದ್ದೆಗಳನ್ನು ಸೃಷ್ಟಿಸಿ ತಮ್ಮವರನ್ನು ತುಂಬಿದರು. ಮರುವರ್ಷವೇ ಹೊಸ ಕಾಂಗ್ರೆಸ್ಸು ಆ ಕಾಯ್ದೆಯನ್ನು ರದ್ದುಮಾಡಿತು. ಅದೇ ಅವಸರದ ನೇಮಕಾತಿಗಳಿಂದ ಹುಟ್ಟಿದ ಮಾರ್ಬರಿ ಮೊಕದ್ದಮೆಯಲ್ಲಿ 1803ರಲ್ಲಿ ಬಂದ ತೀರ್ಪು ಶಾಸನಗಳನ್ನು ಪರಿಶೀಲಿಸುವ ನ್ಯಾಯಾಲಯದ ಅಧಿಕಾರಕ್ಕೆ ತಳಹದಿಯಾಯಿತು. ಚುನಾವಣೆಗೂ ಅಧಿಕಾರ ಹಸ್ತಾಂತರಕ್ಕೂ ನಡುವಣ ನಾಲ್ಕು ತಿಂಗಳ ಅಂತರವನ್ನು 1933ರ ಇಪ್ಪತ್ತನೆಯ ತಿದ್ದುಪಡಿ ಎರಡೂವರೆ ತಿಂಗಳಿಗೆ ಇಳಿಸಿತಾದರೂ ಸಂಪೂರ್ಣ ಮುಚ್ಚಲಿಲ್ಲ. 2016ರ ಡಿಸೆಂಬರಿನಲ್ಲಿ ನಾರ್ತ್ ಕೆರೊಲಿನಾ ರಾಜ್ಯದಲ್ಲಿ, 2018ರ ಡಿಸೆಂಬರಿನಲ್ಲಿ ವಿಸ್ಕಾನ್ಸಿನ್‌ನಲ್ಲಿ ರಾಜ್ಯಪಾಲ ಹುದ್ದೆ ಕಳೆದುಕೊಂಡ ಪಕ್ಷದ ಶಾಸಕರು ವಿಶೇಷ ಅಧಿವೇಶನ ಸೇರಿ ಹೊಸ ರಾಜ್ಯಪಾಲರ ಅಧಿಕಾರವನ್ನೇ ಮೊಟಕುಗೊಳಿಸುವ ಕಾನೂನು ಮಾಡಿದರು. ವಿಸ್ಕಾನ್ಸಿನ್‌ನಲ್ಲಿ ಸೋತ ರಾಜ್ಯಪಾಲ ಸ್ಕಾಟ್ ವಾಕರ್ ಅವರೇ ಆ ಮಸೂದೆಗಳಿಗೆ ಸಹಿ ಹಾಕಿದರು.

ಜರ್ಮನಿಯ ಉದಾಹರಣೆ ಹೆಚ್ಚು ಜಟಿಲವಾದದ್ದು. 2025ರ ಫೆಬ್ರವರಿ 23ರಂದು ಚುನಾವಣೆ ಮುಗಿದಿದ್ದರೂ ಮಾರ್ಚ್ 18ರಂದು ಹಳೆಯ ಸಂಸತ್ತೇ ಸೇರಿ ಸರ್ಕಾರಿ ಸಾಲದ ಮಿತಿಯನ್ನು ಸಡಿಲಿಸುವ ಸಂವಿಧಾನ ತಿದ್ದುಪಡಿಯನ್ನು ಅಂಗೀಕರಿಸಿತು. ಹೊಸ ಸದನದಲ್ಲಿ ಮೂರನೆಯ ಎರಡರಷ್ಟು ಬಹುಮತ ಕೂಡಿಸುವುದು ಕಷ್ಟವೆಂಬುದು ಎಲ್ಲರಿಗೂ ಗೊತ್ತಿತ್ತು. ಹೊಸ ಸಂಸತ್ತು ಸೇರುವವರೆಗೆ ಹಳೆಯದಕ್ಕೆ ಪೂರ್ಣ ಅಧಿಕಾರವಿದೆ ಎಂಬ ನೆಲೆಯಲ್ಲಿ ಅಲ್ಲಿನ ಸಂವಿಧಾನ ನ್ಯಾಯಾಲಯ ತಡೆ ಕೊಡಲಿಲ್ಲ. ಅಲ್ಲಿ ಹಳೆಯ ಸದನವನ್ನು ಬಳಸಿಕೊಂಡವರಲ್ಲಿ ಸೋತವರ ಜೊತೆಗೆ ಚುನಾವಣೆ ಗೆದ್ದವರೂ ಇದ್ದರು ಎಂಬುದನ್ನು ಮರೆಯಬಾರದು.

ಭಾರತದಲ್ಲಿ ಸೋತ ಸದನ ಸೇರಿ ಕಾನೂನು ಮಾಡುವ ಪ್ರಸಂಗ ಈಗ ಇಲ್ಲವೆಂದೇ ಹೇಳಬಹುದು. ಮೊದಲ ದಶಕದಲ್ಲಿ ಹಾಗಿರಲಿಲ್ಲ. 1951–52ರ ಮೊದಲ ಮಹಾಚುನಾವಣೆ ಫೆಬ್ರವರಿಯಲ್ಲಿ ಮುಗಿದ ಮೇಲೂ ತಾತ್ಕಾಲಿಕ ಸಂಸತ್ತು ಮಾರ್ಚ್‌ವರೆಗೆ ಕಲಾಪ ನಡೆಸಿತು. ವಿಚಾರಣೆಯಿಲ್ಲದೆ ಬಂಧನದಲ್ಲಿಡಲು ಅವಕಾಶ ಕೊಡುವ ಮುಂಜಾಗ್ರತಾ ಬಂಧನ ಕಾಯ್ದೆ ಏಪ್ರಿಲ್ 1ಕ್ಕೆ ಮುಗಿಯಬೇಕಿತ್ತು. ಅದನ್ನು ಅಕ್ಟೋಬರ್ 1ರವರೆಗೆ ವಿಸ್ತರಿಸಿದ್ದು ಇದೇ ಹಳೆಯ ಸದನ. ವಯಸ್ಕ ಮತದಾನದಿಂದ ಆರಿಸಿ ಬಂದ ಲೋಕಸಭೆ ಮೇ ತಿಂಗಳಲ್ಲಿ ಸೇರುವುದಿತ್ತು. ಹೀಗಿರುವಾಗ ವ್ಯಕ್ತಿಸ್ವಾತಂತ್ರ್ಯವನ್ನು ಮೊಟಕು ಮಾಡುವ ಕಾಯ್ದೆಯನ್ನು ನಿರ್ಗಮಿಸುವ ಸಂಸತ್ತು ಆರು ತಿಂಗಳು ಬೆಳೆಸಿದ್ದು ಒಳ್ಳೆಯ ಮಾದರಿಯಲ್ಲ. ಆಡಳಿತ ಪಕ್ಷ ಆ ಚುನಾವಣೆಯಲ್ಲಿ ಗೆದ್ದಿದ್ದರಿಂದ ಈ ಸಂಗತಿ ದೊಡ್ಡ ವಿವಾದವಾಗದೆ ಮರೆಯಾಯಿತು. 1957 ಮತ್ತು 1962ರಲ್ಲೂ ಮತದಾನದ ನಂತರ ಹಳೆಯ ಲೋಕಸಭೆ ಮಾರ್ಚ್‌ನಲ್ಲಿ ಸೇರಿತ್ತು. ಎರಡು ಸಲವೂ ಮಧ್ಯಂತರ ಬಜೆಟ್ ಮಂಡಿಸಿ, ಪೂರ್ಣ ಬಜೆಟ್ಟನ್ನು ಹೊಸ ಸದನಕ್ಕೆ ಬಿಡಲಾಯಿತು. ಈ ಪದ್ಧತಿ ಕ್ರಮೇಣ ನಿಂತುಹೋಯಿತು.

ರಾಜ್ಯಗಳ ಮಟ್ಟಿಗೆ ಸಂವಿಧಾನದ 172ನೆಯ ವಿಧಿ ವಿಧಾನಸಭೆಗೆ ಐದು ವರ್ಷದ ಅವಧಿಯನ್ನು ನಿಗದಿ ಮಾಡಿದೆ. 1951ರ ಜನಪ್ರತಿನಿಧಿ ಕಾಯ್ದೆಯ 73ನೆಯ ಪ್ರಕರಣದಂತೆ ಗೆದ್ದವರ ಹೆಸರುಗಳು ಅಧಿಸೂಚನೆಯಾದ ಕೂಡಲೇ ಹೊಸ ಸದನ ರಚನೆಯಾದಂತೆ. ಇದರ ಪರಿಣಾಮವನ್ನು ಕರ್ನಾಟಕದ ಹದಿನೈದನೆಯ ವಿಧಾನಸಭೆಯ ಕೊನೆಯ ದಿನಗಳಲ್ಲಿ ನೋಡಬಹುದು. 2023ರ ಫೆಬ್ರವರಿ 17ರಂದು ಬಜೆಟ್ ಮಂಡನೆಯಾಯಿತು, ಅದೇ ತಿಂಗಳ ಕೊನೆಯ ವಾರದಲ್ಲಿ ಅಧಿವೇಶನ ಮುಗಿಯಿತು, ಮಾರ್ಚ್ 29ಕ್ಕೆ ಚುನಾವಣೆ ಘೋಷಣೆಯಾಗಿ ನೀತಿ ಸಂಹಿತೆ ಜಾರಿಗೆ ಬಂತು. ಮೇ 10ರಂದು ಮತದಾನ, 13ರಂದು ಎಣಿಕೆ. ಅಂದು ರಾತ್ರಿಯೇ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿ ರಾಜೀನಾಮೆ ಕೊಟ್ಟರು, 20ರಂದು ಸಿದ್ದರಾಮಯ್ಯ ಪ್ರಮಾಣವಚನ ಸ್ವೀಕರಿಸಿದರು. ಉದಾಹರಣೆಗೆ, ಹಾಸನ ಜಿಲ್ಲೆಯ ಆಲೂರು–ಸಕಲೇಶಪುರ ಮೀಸಲು ಕ್ಷೇತ್ರದಲ್ಲಿ 2008ರಿಂದ ಸತತವಾಗಿ ಗೆದ್ದಿದ್ದ ಜೆಡಿಎಸ್‌ನ ಎಚ್.ಕೆ. ಕುಮಾರಸ್ವಾಮಿ ಈ ಚುನಾವಣೆಯಲ್ಲಿ ಬಿಜೆಪಿಯ ಸಿಮೆಂಟ್ ಮಂಜು ಎದುರು ಸಣ್ಣ ಅಂತರದಲ್ಲಿ ಸೋತರು. ಹೀಗೆ ಸೋತ ಯಾವ ಶಾಸಕರಿಗೂ ಫಲಿತಾಂಶದ ಮರುದಿನ ಮತ ಹಾಕಲು ಸದನದ ಕಲಾಪವೇ ಇರಲಿಲ್ಲ. ಅಮೆರಿಕದ ರಾಜ್ಯಗಳಿಗೂ ನಮ್ಮ ರಾಜ್ಯಗಳಿಗೂ ಇರುವ ದೊಡ್ಡ ವ್ಯತ್ಯಾಸ ಇದೇ.

ಆದರೆ ವಿಸರ್ಜನೆಯಾದ ಸದನದ ಮಸೂದೆಗಳು ಸದನದ ಜೊತೆಗೇ ಸಾಯುತ್ತವೆಯೇ ಎಂಬ ಪ್ರಶ್ನೆ ಬೇರೆ. 196ನೆಯ ವಿಧಿಯ ಪ್ರಕಾರ ವಿಧಾನಸಭೆಯಲ್ಲಿ ಬಾಕಿಯಿರುವ ಮಸೂದೆ, ಅಲ್ಲಿ ಅಂಗೀಕಾರವಾಗಿ ಪರಿಷತ್ತಿನಲ್ಲಿ ಬಾಕಿಯಿರುವ ಮಸೂದೆ, ಇವೆರಡೂ ವಿಸರ್ಜನೆಯೊಂದಿಗೆ ಬಿದ್ದುಹೋಗುತ್ತವೆ. ಶಾಸಕಾಂಗದ ಕೆಲಸವೆಲ್ಲ ಮುಗಿದು ರಾಜ್ಯಪಾಲರ ಅಥವಾ ರಾಷ್ಟ್ರಪತಿಗಳ ಅಂಕಿತಕ್ಕೆ ಕಾದಿರುವ ಮಸೂದೆಯ ಬಗ್ಗೆ ಅಲ್ಲಿ ಮಾತಿಲ್ಲ. ಇದನ್ನು ಇತ್ಯರ್ಥ ಮಾಡಿದ ಮೊಕದ್ದಮೆ ಕೇರಳದ್ದು, ಅದರ ಜೋಡಿ ಮೊಕದ್ದಮೆ ಕನ್ನಡಿಗರ ಕಾಸರಗೋಡಿನದು.

ಕೇರಳದ ಮೊದಲ ವಿಧಾನಸಭೆ, ಇ.ಎಂ.ಎಸ್. ನಂಬೂದಿರಿಪಾಡ್ ನೇತೃತ್ವದ ಕಮ್ಯುನಿಸ್ಟ್ ಸರ್ಕಾರವಿದ್ದಾಗ, 1959ರ ಜೂನ್ 10ರಂದು ಕೃಷಿ ಸಂಬಂಧಗಳ ಮಸೂದೆಯನ್ನು ಅಂಗೀಕರಿಸಿ ರಾಷ್ಟ್ರಪತಿಗಳ ಅಂಕಿತಕ್ಕೆ ಬಿಟ್ಟಿತು. ಗೇಣಿದಾರರಿಗೆ ಹಕ್ಕು ಕೊಟ್ಟು ಭೂಮಿತಿ ಹಾಕುವ ಮಸೂದೆ ಅದು. ಜುಲೈ 31ರಂದು ಕೇಂದ್ರ ಆ ಸರ್ಕಾರವನ್ನು ವಜಾ ಮಾಡಿ ಸದನವನ್ನು ವಿಸರ್ಜಿಸಿತು. 1960ರ ಚುನಾವಣೆಯಲ್ಲಿ ಕಮ್ಯುನಿಸ್ಟರು ಸೋತು ಪಟ್ಟಂ ತಾಣು ಪಿಳ್ಳೈ ಮುಖ್ಯಮಂತ್ರಿಯಾದರು. ಅಂಕಿತ ಹಾಕುವ ಬದಲು ರಾಷ್ಟ್ರಪತಿಗಳು ಸಲಹೆಗಳೊಡನೆ ಮಸೂದೆಯನ್ನು ಹಿಂದಿರುಗಿಸಿದರು. ಹೊಸ ಸದನ ಅದನ್ನು ಚರ್ಚಿಸಿ, ತಿದ್ದಿ, ಮತ್ತೆ ಕಳುಹಿಸಿತು. 1961ರ ಜನವರಿ 21ರಂದು ಅಂಕಿತ ಬಿತ್ತು. ಹಳೆಯ ಸದನದ ಮಸೂದೆ ಆ ಸದನದೊಂದಿಗೇ ಮುಗಿದುಹೋಗಿತ್ತು, ಅದನ್ನು ಹೊಸ ಸದನ ಎತ್ತಿಕೊಳ್ಳುವಂತಿಲ್ಲ ಎಂದು ಪುರುಷೋತ್ತಮನ್ ನಂಬೂದಿರಿ ಮೊಕದ್ದಮೆಯಲ್ಲಿ ವಾದಿಸಲಾಯಿತು. ಸುಪ್ರೀಂ ಕೋರ್ಟು ಇದನ್ನು ಒಪ್ಪಲಿಲ್ಲ. ಅಂಕಿತಕ್ಕೆ ಕಾದಿರುವ ಮಸೂದೆ ವಿಸರ್ಜನೆಯಿಂದ ಬೀಳುವುದಿಲ್ಲ ಎಂಬ ನಿಯಮ ಅಲ್ಲಿಂದ ನೆಲೆಗೊಂಡಿತು.

ಆ ಕಾಯ್ದೆ ಕಾಸರಗೋಡಿನಲ್ಲಿ ಮಾತ್ರ ಬೇರೆ ಕಾರಣಕ್ಕೆ ಮುರಿದುಬಿತ್ತು. ಕಾಸರಗೋಡು ಮತ್ತು ಹೊಸದುರ್ಗ ತಾಲ್ಲೂಕುಗಳು 1956ರ ನವೆಂಬರ್ 1ರವರೆಗೆ ಮದರಾಸು ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದವು, ಅಲ್ಲಿನದು ರಯತವಾರಿ ಹಿಡುವಳಿ. ಚಹಾ, ಕಾಫಿ, ರಬ್ಬರ್ ತೋಟಗಳಿಗೆ ವಿನಾಯಿತಿ ಕೊಟ್ಟ ಕಾಯ್ದೆ ಅಡಿಕೆ ಮತ್ತು ಕಾಳುಮೆಣಸಿನ ತೋಟಗಳಿಗೆ ಕೊಟ್ಟಿರಲಿಲ್ಲ. ಇದು ಸಮಾನತೆಯ ಹಕ್ಕಿಗೆ ವಿರುದ್ಧವೆಂದು ಕರಿಂಬಿಲ್ ಕುಂಞಿಕೋಮನ್ ಮೊಕದ್ದಮೆಯಲ್ಲಿ 1961ರ ಡಿಸೆಂಬರಿನಲ್ಲಿ ತೀರ್ಪಾಗಿ, ಈ ಎರಡು ತಾಲ್ಲೂಕುಗಳ ರಯತವಾರಿ ಜಮೀನಿಗೆ ಕಾಯ್ದೆ ಅನ್ವಯಿಸದಂತಾಯಿತು. ಕಾಫಿ ಗಿಡದ ನೆರಳುಮರಕ್ಕೆ ಮೆಣಸಿನ ಬಳ್ಳಿ ಹಬ್ಬಿಸುವ ಸಕಲೇಶಪುರ, ಆಲೂರುಗಳ ಬೆಳೆಗಾರರಿಗೆ ಈ ತರತಮ ಎಷ್ಟು ಕೃತಕವೆಂಬುದು ಹೇಳಿಕೊಡದೆ ತಿಳಿಯುತ್ತದೆ. ಹೀಗೆ ನಿರ್ಗಮಿಸಿದ ಸದನದ ಕೆಲಸವನ್ನು ಹೊಸ ಸದನ ಎದುರಿಗಿಟ್ಟುಕೊಂಡು ಒರೆಹಚ್ಚಿತು, ನ್ಯಾಯಾಲಯವೂ ಅದರ ಒಳಗುಣವನ್ನೇ ಪರೀಕ್ಷಿಸಿತು. ಹಳೆಯವರು ಮಾಡಿದ್ದೆಂಬ ಒಂದೇ ಕಾರಣಕ್ಕೆ ಯಾರೂ ಅದನ್ನು ಎಸೆಯಲಿಲ್ಲ. ಈ ಬಗೆಯ ಶಾಸನಗಳ ವಿಷಯದಲ್ಲಿ ಭಾರತದಲ್ಲಿ ನಡೆದ ಅತ್ಯಂತ ಸಮರ್ಪಕ ಪ್ರಕ್ರಿಯೆ ಇದೇ ಎನ್ನಬೇಕು.

ಸದನದ ಬಾಗಿಲು ಮುಚ್ಚಿದರೂ ಮಂತ್ರಿಮಂಡಲದ ಬಾಗಿಲು ತೆರೆದೇ ಇರುತ್ತದೆ. ಆದ್ದರಿಂದ ಭಾರತದಲ್ಲಿ ತಕರಾರು ಶಾಸಕರಿಂದ ಸಚಿವರ ಕಡೆಗೆ, ಮಸೂದೆಯಿಂದ ಸುಗ್ರೀವಾಜ್ಞೆ, ಆದೇಶ ಮತ್ತು ರಾಜ್ಯಪತ್ರದ ಅಧಿಸೂಚನೆಯ ಕಡೆಗೆ ಸರಿದಿದೆ. ಲೋಕಸಭೆ ವಿಸರ್ಜನೆಯಾದರೂ ಮಂತ್ರಿಮಂಡಲ ಮುಂದುವರಿಯುತ್ತದೆ ಎಂದು 1971ರಲ್ಲಿ ಯು.ಎನ್.ಆರ್. ರಾವ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಹೇಳಿತು. ಅಂಥ ಸರ್ಕಾರ ದೈನಂದಿನ ಆಡಳಿತವನ್ನಷ್ಟೇ ನೋಡಿಕೊಳ್ಳಬೇಕೆಂಬ ಮಾತು ಚರಣ್ ಸಿಂಗ್ ಸರ್ಕಾರದ ಕುರಿತ ಕಲ್ಕತ್ತಾ ಹೈಕೋರ್ಟಿನ ತೀರ್ಪಿನಲ್ಲೂ ಸರ್ಕಾರಿಯಾ ಆಯೋಗದ ವರದಿಯಲ್ಲೂ ಬಂದಿದೆ. ಸಂವಿಧಾನದಲ್ಲಿ ಮಾತ್ರ ಹಂಗಾಮಿ ಸರ್ಕಾರವೆಂಬ ಪ್ರತ್ಯೇಕ ವರ್ಗವೇ ಇಲ್ಲ.

ಈ ಖಾಲಿ ಜಾಗವನ್ನು ಬಳಸಿಕೊಂಡ ರೀತಿಗಳು ಹಲವು. 1977ರ ಮಾರ್ಚ್‌ನಲ್ಲಿ ಸೋತ ಇಂದಿರಾ ಗಾಂಧಿ ಸರ್ಕಾರದ ಕೊನೆಯ ಕೆಲಸಗಳಲ್ಲಿ ಒಂದು ತುರ್ತು ಪರಿಸ್ಥಿತಿಯನ್ನು ಹಿಂತೆಗೆದುಕೊಂಡದ್ದು. ಆ ಆದೇಶ ಹೊರಟಿದ್ದು ಮೈಸೂರು ರಾಜ್ಯದ ಮಾಜಿ ಮುಖ್ಯಮಂತ್ರಿ, ಆಗ ಹಂಗಾಮಿ ರಾಷ್ಟ್ರಪತಿಯಾಗಿದ್ದ ಬಿ.ಡಿ. ಜತ್ತಿಯವರಿಂದ. ಸೋತವರು ಜನರ ಸ್ವಾತಂತ್ರ್ಯವನ್ನು ಮರಳಿಸಿದ ಈ ಹೆಜ್ಜೆಗೆ ಯಾರೂ ಆಕ್ಷೇಪಿಸಲಿಲ್ಲ. 1996ರ ಮೇ ತಿಂಗಳ ಕತೆ ಬೇರೆ. ವಿಶ್ವಾಸಮತ ಪಡೆಯದ ಹದಿಮೂರು ದಿನಗಳ ವಾಜಪೇಯಿ ಸರ್ಕಾರ, ಸದನದಲ್ಲಿ ವಿಶ್ವಾಸಮತದ ಚರ್ಚೆ ನಡೆಯುತ್ತಿರುವಾಗಲೇ, ಎನ್ರಾನ್ ಕಂಪನಿಯ ದಾಭೋಳ್ ವಿದ್ಯುತ್ ಯೋಜನೆಗೆ ಕೇಂದ್ರದ ಪ್ರತಿಖಾತರಿಯನ್ನು ಸಂಪುಟದಲ್ಲಿ ಒಪ್ಪಿತು. ಮರುದಿನ ಸರ್ಕಾರ ರಾಜೀನಾಮೆ ಕೊಟ್ಟಿತು. ಜೂನ್ 1ರಂದು ಹಾಸನ ಜಿಲ್ಲೆಯ ಹರದನಹಳ್ಳಿಯ ಎಚ್.ಡಿ. ದೇವೇಗೌಡರು ಪ್ರಧಾನಿಯಾದಾಗ ದೀರ್ಘಕಾಲದ ಈ ಹೊಣೆಯೂ ಅವರ ಸರ್ಕಾರದ ಪಾಲಿಗೆ ಬಂದಿತ್ತು.

ಕರ್ನಾಟಕದಲ್ಲಿ ಸೋಲಿನ ನಂತರದ ನಡವಳಿಕೆಗೆ ಎರಡು ವಿರುದ್ಧ ಮಾದರಿಗಳಿವೆ. 1980ರ ಜನವರಿಯ ಲೋಕಸಭಾ ಚುನಾವಣೆಯಲ್ಲಿ ಇಂದಿರಾ ಕಾಂಗ್ರೆಸ್ ರಾಜ್ಯದ 28ರಲ್ಲಿ 27 ಸ್ಥಾನ ಗೆದ್ದಾಗ ಮುಖ್ಯಮಂತ್ರಿ ಡಿ. ದೇವರಾಜ ಅರಸು ಅವರ ಶಾಸಕರು ಸಾಲುಸಾಲಾಗಿ ಆ ಕಡೆ ಹೋದರು. ಅರಸು ರಾಜೀನಾಮೆ ಕೊಟ್ಟರು, ಅದೇ ಸದನದ ಬಲದ ಮೇಲೆ ಆರ್. ಗುಂಡೂರಾವ್ ಮುಖ್ಯಮಂತ್ರಿಯಾದರು. 1984ರ ಡಿಸೆಂಬರಿನಲ್ಲಿ ಕಾಂಗ್ರೆಸ್ 24 ಲೋಕಸಭಾ ಸ್ಥಾನ ಗೆದ್ದಾಗ ರಾಮಕೃಷ್ಣ ಹೆಗಡೆ ಬೇರೆ ದಾರಿ ಹಿಡಿದರು. ಅವರ ಜನತಾ ಸರ್ಕಾರಕ್ಕೆ ವಿಧಾನಸಭೆಯಲ್ಲಿ ಇನ್ನೂ ಮೂರು ವರ್ಷದ ಅವಧಿಯಿತ್ತು, ರಾಜೀನಾಮೆ ಕೊಡಬೇಕೆಂಬ ಯಾವ ಕಾನೂನೂ ಇರಲಿಲ್ಲ. ಆದರೂ ಜನಾದೇಶ ಕಳೆದುಕೊಂಡಿದ್ದೇವೆ ಎಂಬ ನೈತಿಕ ನೆಲೆಯಿಂದ ಸದನ ವಿಸರ್ಜಿಸಿ 1985ರ ಮಾರ್ಚ್‌ನಲ್ಲಿ ಚುನಾವಣೆಗೆ ಹೋದರು. 1983ರಲ್ಲಿ 95 ಸ್ಥಾನಗಳೊಡನೆ ಬಿಜೆಪಿ ಮತ್ತು ಎಡಪಕ್ಷಗಳ ಬೆಂಬಲದಿಂದ ನಿಂತಿದ್ದ ಪಕ್ಷ ಈಗ 139 ಸ್ಥಾನ ಗೆದ್ದಿತು. ಈ ನಡೆಯಲ್ಲಿ ರಾಜಕೀಯ ಲೆಕ್ಕಾಚಾರ ಖಂಡಿತ ಇತ್ತು. ಹಾಗಿದ್ದರೂ ಸೋತ ಮೇಲೆ ಕಾನೂನು ಮಾಡುವ ಮೊದಲು ಮತ್ತೆ ಜನರನ್ನು ಕೇಳಬೇಕೆಂಬ ತತ್ತ್ವವನ್ನು ಈ ರಾಜ್ಯದಲ್ಲಿ ಆಚರಿಸಿ ತೋರಿಸಿದ ಶ್ರೇಯ ಅದಕ್ಕೆ ಸಲ್ಲಬೇಕು.

2018ರಲ್ಲಿ ನ್ಯಾಯಾಲಯವೇ ಗೆರೆ ಎಳೆಯಬೇಕಾಯಿತು. ಯಾರಿಗೂ ಬಹುಮತವಿಲ್ಲದ ಫಲಿತಾಂಶದ ನಂತರ ಮೇ 17ರಂದು ಪ್ರಮಾಣವಚನ ಸ್ವೀಕರಿಸಿದ ಬಿ.ಎಸ್. ಯಡಿಯೂರಪ್ಪ ಅದೇ ದಿನ ರೈತರ ಸಾಲ ಮನ್ನಾ ಪ್ರಕಟಿಸಿದರು. ಮರುದಿನ ಸುಪ್ರೀಂ ಕೋರ್ಟು 19ರಂದು ಬಹುಮತ ಸಾಬೀತುಪಡಿಸಲು ಸೂಚಿಸಿ, ಅಲ್ಲಿಯವರೆಗೆ ನೀತಿ ನಿರ್ಧಾರಗಳನ್ನು ತೆಗೆದುಕೊಳ್ಳಬಾರದು, ಆಂಗ್ಲೋ ಇಂಡಿಯನ್ ಸದಸ್ಯರ ನಾಮಕರಣ ಮಾಡಬಾರದು ಎಂದಿತು. ಮತಕ್ಕೆ ಹೋಗದೆಯೇ ಯಡಿಯೂರಪ್ಪ ರಾಜೀನಾಮೆ ಕೊಟ್ಟರು.

ಮುಂದಿನ ವರ್ಷದ ಪ್ರಕರಣ ಇನ್ನೂ ಸೂಕ್ಷ್ಮ. ಎಚ್.ಡಿ. ಕುಮಾರಸ್ವಾಮಿ ನೇತೃತ್ವದ ಮೈತ್ರಿ ಸರ್ಕಾರ 2019ರ ಜುಲೈ 23ರಂದು 99–105 ಮತಗಳಿಂದ ವಿಶ್ವಾಸಮತ ಕಳೆದುಕೊಂಡಿತು. ಮರುದಿನ ಹಂಗಾಮಿ ಮುಖ್ಯಮಂತ್ರಿಯಾಗಿ ಅವರು ಋಣ ಪರಿಹಾರ ಕಾಯ್ದೆ ಜಾರಿಗೆ ಬಂದುದನ್ನು ಪ್ರಕಟಿಸಿದರು. ಭೂಹೀನ ಕೃಷಿ ಕಾರ್ಮಿಕರು, ಎರಡು ಹೆಕ್ಟೇರಿಗಿಂತ ಕಡಿಮೆ ಜಮೀನಿನ ಸಣ್ಣ ರೈತರು ಮತ್ತು ವರ್ಷಕ್ಕೆ 1.20 ಲಕ್ಷ ರೂಪಾಯಿ ಮೀರದ ಆದಾಯದ ದುರ್ಬಲ ಕುಟುಂಬಗಳು ಖಾಸಗಿ ಲೇವಾದೇವಿದಾರರಿಂದ ಪಡೆದ ಸಾಲವನ್ನು ಒಂದು ಸಲಕ್ಕೆ ಮನ್ನಾ ಮಾಡುವ ಕಾಯ್ದೆ ಇದು. ಅರ್ಜಿ ಹಾಕಲು 90 ದಿನಗಳ ಗಡುವಿತ್ತು, ಅರ್ಜಿ ಸ್ವೀಕರಿಸಬೇಕಿದ್ದವರು ಉಪವಿಭಾಗಾಧಿಕಾರಿಗಳು. ಆಲೂರಿನ ಕೂಲಿಗಾರರು ಇದಕ್ಕಾಗಿ ಸಕಲೇಶಪುರದ ಉಪವಿಭಾಗಾಧಿಕಾರಿ ಕಚೇರಿಗೆ ಹೋಗಬೇಕಿತ್ತು. ಹೋಗುವ ಸರ್ಕಾರ ಜನಪ್ರಿಯ ಕಾನೂನು ಎಸೆದುಹೋಯಿತು ಎಂಬ ಟೀಕೆಗೆ ಪೂರ್ತಿ ಆಧಾರವಿಲ್ಲ. ಮಸೂದೆಯನ್ನು ಅಂಗೀಕರಿಸಿದ್ದು ಸರ್ಕಾರಕ್ಕೆ ಬಹುಮತವಿದ್ದಾಗ, ವಿಳಂಬವಾದದ್ದು ರಾಷ್ಟ್ರಪತಿಗಳ ಅಂಕಿತಕ್ಕೆ ಕಾದಿದ್ದರಿಂದ. ಸೋಲಿನ ದಿನವೂ ಜಾರಿಯ ದಿನವೂ ಒಟ್ಟಿಗೆ ಬಂದವು. ಸೋತ ಮೇಲೆ ಮಾಡಿದ ಕಾನೂನನ್ನೂ ಸೋಲುವ ಮೊದಲು ಮಾಡಿ ಆಮೇಲೆ ಪ್ರಕಟವಾದ ಕಾನೂನನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು.

ಚುನಾವಣೆಗೆ ಮುಂಚಿನ ಕೊನೆಯ ವಾರಗಳು ಇದರ ಇನ್ನೊಂದು ಮುಖ. ಸೋಲಿನ ನಂತರ ಅವಕಾಶವಿಲ್ಲವೆಂದು ಗೊತ್ತಿರುವ ಸರ್ಕಾರಗಳು ನೀತಿ ಸಂಹಿತೆಗೆ ಮೊದಲೇ ದೊಡ್ಡ ತೀರ್ಮಾನಗಳನ್ನು ಮುಗಿಸಲು ಅವಸರ ಮಾಡುತ್ತವೆ. ಲಿಂಗಾಯತಕ್ಕೆ ಅಲ್ಪಸಂಖ್ಯಾತ ಧರ್ಮದ ಮಾನ್ಯತೆ ಕೊಡುವಂತೆ ಶಿಫಾರಸು ಮಾಡುವ ಸಂಪುಟ ತೀರ್ಮಾನ 2018ರ ಮಾರ್ಚ್ 19ರದು, ಚುನಾವಣೆ ಘೋಷಣೆಗೆ ಎಂಟು ದಿನ ಮುಂಚಿನದು. ಮುಸ್ಲಿಮರ ಶೇ 4ರ 2ಬಿ ಮೀಸಲಾತಿಯನ್ನು ತೆಗೆದು ಒಕ್ಕಲಿಗ ಮತ್ತು ಲಿಂಗಾಯತ ಗುಂಪುಗಳಿಗೆ ತಲಾ ಶೇ 2 ಹಂಚುವ ತೀರ್ಮಾನ 2023ರ ಮಾರ್ಚ್ 24ರದು, ಘೋಷಣೆಗೆ ಐದು ದಿನ ಮುಂಚಿನದು. ಇದರ ಆಧಾರ ಮೇಲ್ನೋಟಕ್ಕೆ ದುರ್ಬಲವಾಗಿದೆಯೆಂದು ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟು ಹೇಳಿದಾಗ, ಸದ್ಯಕ್ಕೆ ಇದರಂತೆ ನೇಮಕಾತಿ ಮತ್ತು ಪ್ರವೇಶ ನಡೆಸುವುದಿಲ್ಲವೆಂದು ಸರ್ಕಾರ ಒಪ್ಪಿಕೊಂಡಿತು. ಪಕ್ಷ ಯಾವುದೇ ಇರಲಿ, ಒಂದು ಸಮುದಾಯದ ತಲೆಮಾರುಗಳ ಪಾಲನ್ನು ನಿರ್ಧರಿಸುವ ವಿಷಯವನ್ನು ಕೊನೆಯ ವಾರದ ಸಂಪುಟ ಸಭೆಗೆ ಇಟ್ಟುಕೊಳ್ಳುವುದು ಆ ಸಮುದಾಯಕ್ಕೂ ಎಸಗುವ ಅನ್ಯಾಯ.

ಮಲೆನಾಡಿನ ತಾಲ್ಲೂಕುಗಳಲ್ಲಿ ಈ ಅವಸರ ಕಾಣುವುದು ಭೂಮಿಯ ವಿಷಯದಲ್ಲಿ. ಸರ್ಕಾರಿ ಜಮೀನಿನ ಅನಧಿಕೃತ ಸಾಗುವಳಿಯನ್ನು ಸಕ್ರಮಗೊಳಿಸುವ ಬಗರ್ ಹುಕುಂ ಸಮಿತಿಗೆ ಕ್ಷೇತ್ರದ ಶಾಸಕರೇ ಅಧ್ಯಕ್ಷರು, ತಹಶೀಲ್ದಾರರು ಸದಸ್ಯ ಕಾರ್ಯದರ್ಶಿ. ಫಾರಂ 50, 53 ಮತ್ತು 57ರ ಅರ್ಜಿಗಳು ವರ್ಷಗಟ್ಟಲೆ ಕಾದಿರುತ್ತವೆ. ಶಾಸಕರ ಅವಧಿ ಮುಗಿದರೆ ಸಮಿತಿಯೂ ಮುಗಿದಂತೆ, ಹೊಸದು ರಚನೆಯಾಗುವವರೆಗೆ ಕಡತ ಮುಂದೆ ಸಾಗುವುದಿಲ್ಲ. ಆದ್ದರಿಂದ ಅವಧಿಯ ಕೊನೆಯಲ್ಲಿ ಸಮಿತಿ ಸಭೆ ಸೇರಿದರೆ ಅರ್ಜಿದಾರರಿಗೆ ಆಸೆ, ಎದುರಾಳಿಗಳಿಗೆ ಅನುಮಾನ. ಹಾಸನ, ಕೊಡಗು, ಚಿಕ್ಕಮಗಳೂರು ಮೊದಲಾದ ಕಡೆ ಒತ್ತುವರಿಯಾದ ಸರ್ಕಾರಿ ಜಮೀನಿನಲ್ಲಿ ಕಾಫಿ ಮುಂತಾದ ತೋಟ ಮಾಡಿದವರಿಗೆ 25 ಎಕರೆವರೆಗೆ 30 ವರ್ಷದ ಗುತ್ತಿಗೆ ಕೊಡುವ ಭೂಕಂದಾಯ ಕಾಯ್ದೆಯ ತಿದ್ದುಪಡಿಯೂ ಬೊಮ್ಮಾಯಿ ಸರ್ಕಾರದ ಉತ್ತರಾರ್ಧದ್ದು. ಬೆಳೆಗಾರರು ಇದನ್ನು ಬಹುಕಾಲದ ಬೇಡಿಕೆಯ ಈಡೇರಿಕೆ ಎಂದರು. ನಿವೇಶನ, ತುಂಡು ಭೂಮಿಗೆ ಕಾದಿರುವ ಲೈನ್ ಮನೆಗಳ ಕೂಲಿಕಾರರ ಪರವಾಗಿ ಮಾತನಾಡುವವರು ಇದನ್ನು ದೊಡ್ಡವರ ಒತ್ತುವರಿಗೆ ಸಿಕ್ಕ ರಕ್ಷಣೆ ಎಂದರು. ಸರ್ಕಾರ ಬದಲಾದರೂ ಈ ಕಾನೂನು ರದ್ದಾಗದೆ ಮುಂದುವರಿಯಿತು. ಜಾರಿಯ ಹೊರೆ ಅದನ್ನು ಮಾಡಿದವರದಲ್ಲ, ಬಂದವರದಾಯಿತು.

ಸೋತವರ ಬಲ ಉಳಿಯುವ ಕಾನೂನುಬದ್ಧ ತಾಣ ವಿಧಾನ ಪರಿಷತ್ತು. 75 ಸದಸ್ಯರ ಈ ಸದನ ವಿಸರ್ಜನೆಯಾಗುವುದಿಲ್ಲ, ಎರಡು ವರ್ಷಕ್ಕೊಮ್ಮೆ ಮೂರನೆಯ ಒಂದರಷ್ಟು ಸದಸ್ಯರು ನಿವೃತ್ತರಾಗುತ್ತಾರೆ. 2023ರಲ್ಲಿ 135 ಸ್ಥಾನ ಗೆದ್ದ ಕಾಂಗ್ರೆಸ್ಸಿಗೆ ಇಲ್ಲಿ ಬಹುಮತವಿರಲಿಲ್ಲ. ಎಪಿಎಂಸಿ ತಿದ್ದುಪಡಿ ಮಸೂದೆ ಪರಿಷತ್ತಿನಲ್ಲಿ ಆಯ್ಕೆ ಸಮಿತಿಗೆ ಹೋಯಿತು. 2024ರ ಫೆಬ್ರವರಿ 23ರಂದು ಮುಜರಾಯಿ ದೇವಾಲಯಗಳ ತಿದ್ದುಪಡಿ ಮಸೂದೆ ಅಲ್ಲಿ ಬಿದ್ದುಹೋಗಿ, ವಾರದೊಳಗೆ ಮತ್ತೆ ಅಂಗೀಕಾರ ಪಡೆಯಿತು. 197ನೆಯ ವಿಧಿಯಂತೆ ವಿಧಾನಸಭೆ ಎರಡನೆಯ ಸಲ ಅಂಗೀಕರಿಸಿದ ಮಸೂದೆಯನ್ನು ಪರಿಷತ್ತು ಒಂದು ತಿಂಗಳಿಗಿಂತ ಹೆಚ್ಚು ತಡೆಯಲಾಗದು. ಇದನ್ನು ನಿರ್ಗಮನಕಾಲದ ದುರ್ಬಳಕೆ ಎನ್ನಲಾಗದು. ಪರಿಷತ್ತಿಗೆ ತನ್ನದೇ ಮತದಾರರಿದ್ದಾರೆ, ನಿಧಾನಗೊಳಿಸುವುದೇ ಅದಕ್ಕೆ ಸಂವಿಧಾನ ಕೊಟ್ಟ ಕೆಲಸ.

ಸ್ಥಳೀಯ ಸಂಸ್ಥೆಗಳಲ್ಲಿ ಸಮಸ್ಯೆ ತಿರುವುಮುರುವಾಗಿದೆ. ಆಲೂರು ಸೇರಿ ರಾಜ್ಯದ ತಾಲ್ಲೂಕು ಮತ್ತು ಜಿಲ್ಲಾ ಪಂಚಾಯಿತಿಗಳ ಅವಧಿ 2021ರಲ್ಲಿ ಮುಗಿದ ಮೇಲೆ, ಕ್ಷೇತ್ರ ವಿಂಗಡಣೆ ಮತ್ತು ಮೀಸಲಾತಿಯ ತಗಾದೆಯಲ್ಲಿ ಚುನಾವಣೆ ವರ್ಷಗಟ್ಟಲೆ ನಿಂತು ಆಡಳಿತಾಧಿಕಾರಿಗಳೇ ಎಲ್ಲ ನೋಡಿಕೊಂಡರು. ಅಲ್ಲಿ ಹೋದವರ ಜಾಗಕ್ಕೆ ಬರುವವರೇ ಇಲ್ಲದಾಯಿತು.

ಹಳೆಯ ಸರ್ಕಾರದ ಕೊನೆಯ ತೀರ್ಮಾನಗಳಿಗೆ ಹೊಸ ಸರ್ಕಾರದ ಕೈಯಲ್ಲಿರುವ ಮದ್ದು ಮರುಪರಿಶೀಲನೆ. 2019ರ ಜುಲೈ ಕೊನೆಯಲ್ಲಿ ಅಧಿಕಾರಕ್ಕೆ ಬಂದ ಯಡಿಯೂರಪ್ಪ ಸರ್ಕಾರ ಆ ತಿಂಗಳ ವರ್ಗಾವಣೆಗಳನ್ನು ತಡೆಹಿಡಿಯಿತು. 2023ರ ಮೇ 22ರಂದು ಸಿದ್ದರಾಮಯ್ಯ ಸರ್ಕಾರ ಹಿಂದಿನ ಸರ್ಕಾರ ಮಂಜೂರು ಮಾಡಿದ್ದ ಕಾಮಗಾರಿಗಳನ್ನೂ ಹಣ ಪಾವತಿಯನ್ನೂ ನಿಲ್ಲಿಸಿ ಆದೇಶಿಸಿತು. ಇಂಥ ಸಾರಾಸಗಟು ತಡೆಯಿಂದ ದುರುದ್ದೇಶದ ಟೆಂಡರಿನ ಜೊತೆಗೆ ಹಳ್ಳಿಯ ಅರೆಬರೆ ರಸ್ತೆ, ಮೋರಿಗಳೂ ನಿಲ್ಲುತ್ತವೆ. ಇಂಥ ತಡೆಗೆ ಮೊದಲೇ ಹೋಗುವವರೂ ಬರುವವರೂ ಮಾತಾಡಿಕೊಳ್ಳುವ ಪದ್ಧತಿಗೆ ನ್ಯೂಜಿಲೆಂಡ್ ಉದಾಹರಣೆ. ಅಲ್ಲಿ 1984ರಲ್ಲಿ ಸೋತ ಪ್ರಧಾನಿ ರಾಬರ್ಟ್ ಮಲ್ಡೂನ್ ಗೆದ್ದವರ ಸಲಹೆಯಂತೆ ನಾಣ್ಯದ ಬೆಲೆ ಇಳಿಸಲು ಮೊದಲು ಒಪ್ಪದೆ ಬಿಕ್ಕಟ್ಟು ಉಂಟಾಯಿತು. ಗೆದ್ದವರನ್ನು ಕೇಳಿಯೇ ಹೊಸ ನೀತಿ ಹೆಜ್ಜೆ ಇಡಬೇಕು, ತುರ್ತಿದ್ದರೆ ಅವರು ಹೇಳಿದಂತೆ ನಡೆಯಬೇಕು ಎಂಬ ಸಂಪ್ರದಾಯವನ್ನು ಅಲ್ಲಿ ಆಮೇಲೆ ಬರಹದಲ್ಲಿ ಸ್ಪಷ್ಟಪಡಿಸಲಾಯಿತು. ಅಂಥ ಲಿಖಿತ ನಿಯಮ ಭಾರತದಲ್ಲಿಲ್ಲ. ಚುನಾವಣಾ ಆಯೋಗದ ನೀತಿ ಸಂಹಿತೆ ಚುನಾವಣಾ ಪ್ರಕ್ರಿಯೆ ಮುಗಿದೊಡನೆ ತೆರವಾಗುತ್ತದೆ, ಪ್ರಮಾಣವಚನದವರೆಗಿನ ದಿನಗಳು ರಾಜ್ಯಪಾಲರ ವಿವೇಚನೆ, ಅಧಿಕಾರಿಗಳ ಎಚ್ಚರ ಮತ್ತು ಹೋಗುವವರ ಸಂಯಮಕ್ಕೆ ಬಿಟ್ಟಿವೆ.